ಏನೂ ಹೇಳದೆ ಬಂದ ಬಟ್ಟೆ

ಸೇಡಂ ಬಸ್ ಸ್ಟ್ಯಾಂಡಿನಿಂದ ಬಜಾರಿಗೆ ಹೋಗುವ ದಾರಿಯಲ್ಲಿ ಎದುರುಬದುರಾಗಿ ಎರಡು ಹೊಲಿಗೆ ಅಂಗಡಿಗಳಿದ್ದವು. ಎಡಗಡೆಯದು ನನ್ನದು, ಬಲಗಡೆಯದು ಮಶಾಕನದು. ನನ್ನ ಹೆಂಡತಿ ತನ್ನ ಕುಪ್ಪಸಗಳನ್ನು ಬಲಗಡೆಯ ಅಂಗಡಿಯಲ್ಲಿ ಹೊಲಿಸುತ್ತಿದ್ದಳು. ನನ್ನ ಬಗ್ಗೆ ಹೇಳಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಆದರೆ ಊರವರು ಈ ಒಂದು ಮಾತನ್ನು ತಮಗೆ ಬೇಕಾದಂತೆ ಉದ್ದ ಮಾಡಿ, ಗಿಡ್ಡ ಮಾಡಿ, ಅಂಚು ಕಟ್ಟಿ ಹೇಳಿಕೊಂಡು ನಕ್ಕಿದ್ದಾರೆ. ಅಳತೆಗೆ ಸರಿಯಾಗಿ ನಾನೇ ಒಮ್ಮೆ ಹೇಳಿಬಿಡುವುದು ವಾಸಿ.

ನನ್ನ ಹೆಸರು ಅಂಬರಾಯ. ಹುಟ್ಟಿನಿಂದ ಸಿಂಪಿಗ, ಕಸುಬಿನಿಂದ ದರ್ಜಿ. ಇವೆರಡೂ ಅಪ್ಪನಿಂದ ಬಂದವು. ಮೂರ್ಖತನ ಮಾತ್ರ ನನ್ನ ಸ್ವಂತ ಗಳಿಕೆ.

ಅಪ್ಪ ಪೀರಪ್ಪ ಕೇಳದೆ ಕತ್ತರಿ ಹಿಡಿದವನಲ್ಲ. ಯಾರಾದರೂ ಬಟ್ಟೆ ತಂದಿಟ್ಟು "ಒಂದ್ ಅಂಗಿ ಹೊಲೀರಿ" ಎಂದು ಹೊರಟರೆ ಅವರನ್ನು ಮೆಟ್ಟಿಲಿನಿಂದ ವಾಪಸು ಕರೆದು ಕೂರಿಸುತ್ತಿದ್ದ. ತೋಳು ಮೊಣಕೈವರೆಗೋ ಮಣಿಕಟ್ಟಿನವರೆಗೋ, ಕಿಸೆ ಒಂದೋ ಎರಡೋ, ಹೊಲಕ್ಕೆ ಹಾಕಿಕೊಳ್ಳುವುದೋ ಲಗ್ನಕ್ಕೆ ಹಾಕಿಕೊಳ್ಳುವುದೋ, ಈಚೆಗೆ ಜ್ವರಗಿರ ಬಂದು ಮೈ ಇಳಿದಿದೆಯೋ ಎಂದೆಲ್ಲ ವಿಚಾರಿಸುತ್ತಿದ್ದ. ತಾಳ್ಮೆ ಇಲ್ಲದ ಗಿರಾಕಿಗಳು ಎದ್ದು ಹೋಗುತ್ತಿದ್ದರು. ಕೇಳಲು ಕೈಗೆ ಸಿಗದವರ ಬಟ್ಟೆ ಮುಂದಿನ ಸಂತೆಯವರೆಗೂ ಗೂಟಕ್ಕೆ ತೂಗಿಕೊಂಡಿರುತ್ತಿತ್ತು. ನನಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ನಾಡಿ ಹಿಡಿದು ಹಿಂದುಮುಂದು ಕೇಳಲು ನಾವೇನು ವೈದ್ಯರೇ? ಬಟ್ಟೆ ಬಂದಿದೆ, ಹೊಲಿಯಬೇಕು, ಕೊಡಬೇಕು.

ನಿಜಾಮರ ಕಾಲ ಮುಗಿದು, ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಬಸ್ಸುಗಳು ಹೆಚ್ಚಿದ್ದವು. ಕುರಕುಂಟಾ, ಮಳಖೇಡ, ಇನ್ನೂ ದೂರದ ಊರುಗಳಿಂದ ಬಟ್ಟೆಯ ಗಂಟುಗಳು ಬಸ್ಸಿನಲ್ಲಿಯೇ ಬರತೊಡಗಿದವು. ಕಂಡಕ್ಟರು ಕಿಟಕಿಯಿಂದ ಎಸೆದು "ಹೊಲೀಬೇಕಂತ" ಎಂದು ಕೂಗಿ ಸೀಟಿ ಊದುತ್ತಿದ್ದ. ಗಂಟಿನೊಳಗೆ ಹೊಸ ಬಟ್ಟೆ ಇರುತ್ತಿತ್ತು. ಹೆಣ್ಣುಮಕ್ಕಳದಾದರೆ ಜೊತೆಗೊಂದು ಹಳೆಯ ಕುಪ್ಪಸ ಇರುತ್ತಿತ್ತು. ಗಂಡಸು ದರ್ಜಿ ಹೆಂಗಸರ ಮೈಗೆ ಟೇಪು ಹಿಡಿಯುವುದು ಆಗ ನಮ್ಮ ಕಡೆ ಇರಲಿಲ್ಲ. ಆ ಹಳೆಯ ಕುಪ್ಪಸವೇ ಅಳತೆ. ಅದರ ಮೇಲೆ ಹೊಸದನ್ನು ಹಾಸಿ ಗುರುತು ಮಾಡುವುದು. ಬಾಯಿ ಮಾತು ಏನಾದರೂ ಕಳಿಸಿದ್ದರೂ ಅದು ದಾರಿಯಲ್ಲೇ ಇಳಿದು ಹೋಗಿರುತ್ತಿತ್ತು.

ಹಾಗಾಗಿ, ಏನೂ ಹೇಳದೆ ಬಂದ ಬಟ್ಟೆಗೆ ಏನು ಮಾಡಬೇಕು ಎಂಬುದಕ್ಕೆ ನಾನೊಂದು ಕಾಯಿದೆ ಮಾಡಿದೆ. ಪೇಂಟರನನ್ನು ಕರೆಸಿ ಅಂಗಡಿಯ ಬಾಗಿಲಿನ ಮೇಲೆ ಬರೆಸಿದೆ: "ಹೇಳದಿದ್ದರೆ ಅಳತೆಯಂತೆ." ಅಪ್ಪ ಅದನ್ನು ಓದಿಸಿಕೊಂಡು, "ಅಳತಿ ಯಾವಾಗಿಂದು ಅಂತ ಯಾರು ಹೇಳಬೇಕಪ್ಪ?" ಎಂದ. ಬರೆಸಿದ ಬಣ್ಣ ಇನ್ನೂ ಹಸಿಯಿತ್ತು, ಅಳಿಸಲು ಮನಸ್ಸಾಗಲಿಲ್ಲ.

ಒಂದು ಮಾತು ಒಪ್ಪಬೇಕು, ಅಳತೆಯಂತೆ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಕಳಿಸಿದ ಕುಪ್ಪಸದ ತೋಳು ಒಂದು ನೂಲು ಸೊಟ್ಟಗಿದ್ದರೆ ನನ್ನದೂ ಒಂದು ನೂಲು ಸೊಟ್ಟಗಿರುತ್ತಿತ್ತು. ಇನ್ನೊಂದು ಹೆಮ್ಮೆ, ನನ್ನ ಹೊಲಿಗೆ ಒಳಗೂ ಹೊರಗೂ ಒಂದೇ ಸಮ ಚೊಕ್ಕ. ಹೊಲಿಗೆಯ ಒಳಗೆ ಮಡಿಚಿ ಬಿಡುವ ಬಟ್ಟೆಯನ್ನು ಕತ್ತರಿಸಿ ತೆಗೆದುಬಿಡುತ್ತಿದ್ದೆ. ಬೇರೆ ದರ್ಜಿಗಳು ಎರಡು ಬೆರಳು ಬಿಡುತ್ತಿದ್ದರು. ಅದು ಕೈ ನಂಬದವರ ಕೆಲಸ ಎಂದು ನಾನು ಮೂಗು ಮುರಿಯುತ್ತಿದ್ದೆ.

ಇಂಥ ಹೊತ್ತಿನಲ್ಲಿ ತೆಂಗಳಿಯ ಶಿವಕಾಂತಮ್ಮನ ಜೊತೆ ನನ್ನ ಲಗ್ನ ನಿಶ್ಚಯವಾಯಿತು. ಹುಡುಗಿಗೆ ಸೀರೆ, ಕುಪ್ಪಸ ಒಯ್ಯಬೇಕಾದವರು ಗಂಡಿನ ಕಡೆಯವರು. ಮದುಮಗನೇ ದರ್ಜಿ. ಬಜಾರಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಕುಪ್ಪಸದ ಬಟ್ಟೆಗೆಂದು ಒಳ್ಳೆಯ ಖಣ ಆರಿಸಿ ತಂದು ಅಳತೆಗೆ ಹೇಳಿಕಳಿಸಿದೆ. ಹುಡುಗಿಯ ತಾಯಿ ಮಹಾದೇವಮ್ಮ ಬಸ್ಸಿನಲ್ಲಿ ಒಂದು ಹಳೆಯ ಕುಪ್ಪಸ ಕಳಿಸಿದಳು.

ಇಲ್ಲೊಂದು ಪದ್ಧತಿಯ ಮಾತು ಹೇಳಬೇಕು. ಲಗ್ನವಾಗದ ಹುಡುಗಿ ದಿನಾ ತೊಡುವ ಅರಿವೆಯನ್ನು, ಇನ್ನೂ ಬೀಗರಾಗದವರ ಮನೆಗೆ ಕಳಿಸಲು ಅವರ ಮನೆಯ ಹಿರಿಯ ಹೆಣ್ಣುಮಕ್ಕಳು ಒಪ್ಪುತ್ತಿರಲಿಲ್ಲ. ದೃಷ್ಟಿಯಾಗುತ್ತದೆ ಎಂಬ ಅಂಜಿಕೆ. ಹಾಗಾಗಿ ಹುಡುಗಿ ತೊಡುವುದು ಬಿಟ್ಟ, ಪೆಟ್ಟಿಗೆಯ ತಳದಲ್ಲಿದ್ದ ಕುಪ್ಪಸವೊಂದನ್ನು ಕಳಿಸುತ್ತಿದ್ದರು. ಗಂಡಿನ ಮನೆಯ ಹೆಂಗಸರಿಗೆ ಇದು ಗೊತ್ತಿರುತ್ತಿತ್ತು. ಗಂಟು ಬಿಚ್ಚಿದೊಡನೆ "ಇದು ಯಾವಾಗಿಂದೋ ಏನೋ, ಹುಡುಗಿ ಈಗ ಇಷ್ಟಾಗ್ಯಾಳ" ಎಂದು ಬೆರಳಿಟ್ಟು ತೋರಿಸಿ ದರ್ಜಿಗೆ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಅವ್ವ ತೀರಿಕೊಂಡಿದ್ದಳು. ಗಂಟು ನೇರವಾಗಿ ಅಂಗಡಿಗೆ ಬಂತು, ಅಂಗಡಿಯ ಕಾಯಿದೆ ಬಾಗಿಲ ಮೇಲೆ ಬರೆದಿತ್ತು.

ಅಪ್ಪ ಹೇಳಿದ: "ತೆಂಗಳಿಗಿ ಹೋಗಿ ಒಂದ್ ಮಾತ ಕೇಳಿ ಬಾ."

"ಏನ್ ಕೇಳ್ಲಿ? ಅಳತಿ ಬಂದದಲ್ಲ."

"ಹುಡುಗಿನ್ನ ಕೇಳು."

"ಲಗ್ನಕ್ಕ ಮೊದಲ ಹುಡುಗಿನ್ನ ಮಾತಾಡ್ಸಲೇನು? ಜನ ಏನಂದಾರು?"

ನಾನು ಹುಡುಗಿಯನ್ನು ನೋಡಲು ಹೋದಾಗ ನೋಡಿದ್ದೆ. ಕುಪ್ಪಸ ಸಣ್ಣದಾಯಿತಲ್ಲ ಎಂದು ಒಂದು ಗಳಿಗೆ ಅನಿಸಿತ್ತು ಕೂಡ. ಆದರೆ ಕಣ್ಣಳತೆ ನಂಬಿ ಕತ್ತರಿ ಹಿಡಿಯುವವನು ದರ್ಜಿಯೇ? ಹುಡುಗಿ ನೋಡಿದ ಗಾಬರಿಯಲ್ಲಿ ಕಣ್ಣು ಮೋಸ ಮಾಡಿರಬೇಕು ಎಂದುಕೊಂಡು, ಅಳತೆಯಂತೆ, ನೂಲಿಗೆ ನೂಲು ಸಮನಾಗಿ, ಒಳಗೆ ಎಳ್ಳಷ್ಟೂ ಬಟ್ಟೆ ಬಿಡದೆ ಹೊಲಿದುಬಿಟ್ಟೆ. ನನ್ನ ಜೀವನದಲ್ಲೇ ಅಷ್ಟು ಚೆಂದದ ಕುಪ್ಪಸ ಮತ್ತೊಂದು ಹೊಲಿದಿಲ್ಲ.

ಲಗ್ನದ ದಿನ ತೆಂಗಳಿಯಲ್ಲಿ ಹಂದರದ ಕೆಳಗೆ ನಾವಿಬ್ಬರೂ ಎದುರಾಗಿ ನಿಂತೆವು. ಅಯ್ಯನವರು ಮಾಲೆ ಹಾಕಲು ಹೇಳಿದರು. ನಾನು ಹಾಕಿದೆ. ಅವಳ ಸರದಿ ಬಂತು. ಅವಳು ಮಾಲೆಯನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡು ನಿಂತುಬಿಟ್ಟಳು. "ಹಾಕವ್ವಾ" ಎಂದರು. ಅವಳು ಅಲುಗಲಿಲ್ಲ. ವಾಲಗದವರು ಒಂದು ಸುತ್ತು ಬಾರಿಸಿ, ಏನೂ ಆಗದ್ದು ನೋಡಿ ಇನ್ನೊಂದು ಸುತ್ತು ಬಾರಿಸಿದರು. ಹೆಂಗಸರ ನಡುವೆ ಗುಸುಗುಸು ಎದ್ದಿತು. ನಮ್ಮ ಕಡೆಯ ಹಿರಿಯರೊಬ್ಬರು ಎದ್ದು ನಿಂತು, "ಹುಡುಗೀಗಿ ಒಪ್ಪಿಗಿ ಅದನೋ ಇಲ್ಲೋ? ಇಲ್ಲಂದ್ರ ಈಗೇ ಹೇಳ್ರಿ, ನಾವ್ ಬಸ್ ಹಿಡೀತೀವಿ" ಎಂದರು. ಮಹಾದೇವಮ್ಮನ ಮುಖ ಬೆಳ್ಳಗಾಯಿತು.

ಇವಳಿಗೆ ನಾನು ಬೇಡವಾಗಿದ್ದೇನೆ ಎಂದೇ ತಿಳಿದೆ. ಆಗ ಅವಳು ತಲೆ ಎತ್ತದೆ, ನನಗೆ ಮಾತ್ರ ಕೇಳುವಂತೆ, "ಕೈ ಏಳ್ಲಿಕತ್ತಿಲ್ಲ" ಎಂದಳು. ದರ್ಜಿಯ ಬುದ್ಧಿಗೆ ಇಷ್ಟು ಸಾಕಿತ್ತು. ಕಂಕುಳಿನ ಹತ್ತಿರ ಖಣ ಡೋಲಿನ ತೊಗಲಿನಂತೆ ಬಿಗಿದಿತ್ತು. ನಾನು ಸೊಂಟ ಬಗ್ಗಿಸಿ, ತಲೆಯನ್ನು ಅವಳ ಹೊಟ್ಟೆಯವರೆಗೂ ಇಳಿಸಿ ನಿಂತೆ. ಮಾಲೆ ಬಿತ್ತು. ಮಂದಿಯೆಲ್ಲ ಹೋ ಎಂದು ನಕ್ಕರು. ಅಕ್ಕಿಕಾಳು ಬೀಳುವಾಗ ಅವಳು ಬೆಚ್ಚಿ ಸ್ವಲ್ಪ ಮೈ ಸರಿಸಿದಳು, ಬೆನ್ನಿನ ಹೊಲಿಗೆ ಪರ್ರೆಂದು ಹರಿಯಿತು. ಅವಳ ಸೋದರತ್ತೆ ಓಡಿಬಂದು ಸೆರಗು ಹೊದಿಸಿ ಒಳಗೆ ಕರೆದೊಯ್ದಳು. ಹರಿದದ್ದನ್ನು ಬಿಚ್ಚಿ ಸಡಿಲ ಮಾಡೋಣವೆಂದು ನೋಡಿದರೆ ಒಳಗೆ ಬಟ್ಟೆಯೇ ಇಲ್ಲ. "ಯಾವ ಮುಂಡೇಗಂಡ ಹೊಲದಾನಿದನ್ನ?" ಎಂದು ಆ ಸೋದರತ್ತೆ ಒಳಗಿನಿಂದ ಕೂಗಿದ್ದು ಹಂದರದವರೆಗೂ ಕೇಳಿಸಿತು.

ಮರುದಿನ ಸೇಡಂ ಬಸ್ಸಿನಲ್ಲಿ ನನ್ನ ಹೆಂಡತಿ ನನ್ನೊಡನೆ ಮೊದಲ ಸಲ ಸರಿಯಾಗಿ ಮಾತಾಡಿದಳು.

"ಒಂದ್ ಮಾತ ಕೇಳಬಾರದಿತ್ತೇನ್ರಿ?"

"ನಿಮ್ಮವರು ಹೇಳಿ ಕಳಿಸಬೇಕಿತ್ತು."

"ನಮ್ಮವ್ವ ಹೇಳಲಿಲ್ಲ, ಖರೆ. ನನ್ನ ಯಾರು ಕೇಳಿದ್ರು?"

ನಾನು ಕಾಯಿದೆಯ ಮಾತು ತೆಗೆದೆ. ಅಂಗಡಿಯ ಬಾಗಿಲ ಮೇಲೆ ಬರೆದಿದೆ ಎಂದೆ. ಅವಳು ಕಿಟಕಿಯಾಚೆ ತೊಗರಿಯ ಹೊಲಗಳನ್ನು ನೋಡುತ್ತ, "ಇನ್ನ ನೀವು ಹೊಲದ ಕುಪ್ಪಸ ನಾ ತೊಡಂಗಿಲ್ಲ" ಎಂದಳು. ಹೊಸ ಹೆಂಡತಿ, ಸಿಟ್ಟಿನ ಮಾತು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಅಲ್ಲಿಯೂ ನನ್ನ ಅಳತೆ ತಪ್ಪಿತು.

ಎದುರಿನ ಅಂಗಡಿಯ ಮಶಾಕನ ಹೆಂಡತಿ ತಾಜುನ್ನಿಸಾ ಪರದೆಯ ಹಿಂದೆ ಕುಳಿತು ಹೆಣ್ಣುಮಕ್ಕಳ ಅಳತೆ ತಾನೇ ತೆಗೆಯುತ್ತಿದ್ದಳು. ಶಿವಕಾಂತಮ್ಮ ಖಣ ಹಿಡಿದುಕೊಂಡು, ನನ್ನ ಅಂಗಡಿಯ ಮುಂದೆಯೇ ಹಾದು, ರಸ್ತೆ ದಾಟಿ ಅಲ್ಲಿಗೆ ಹೋದಳು. ಬಜಾರು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಸುಮ್ಮನಿರಲಿಲ್ಲ. ಗಿರಾಕಿಗಳು ನನ್ನ ಹತ್ತಿರ ಬಂದು, "ಅಂಬರಾಯ, ನಿಮ್ಮ ಮನಿಯವರು ಹೊಲಿಸೋ ಅಂಗಡಿ ಯಾವುದಪ್ಪ, ಛಲೋ ಹೊಲೀತಾರಂತ" ಎಂದು ಕೇಳುತ್ತಿದ್ದರು. ಮಶಾಕ ಒಳ್ಳೆಯವನು. ನನ್ನ ಹೆಂಡತಿಯ ಕುಪ್ಪಸ ಸಿದ್ಧವಾದರೆ ಉಳಿದವುಗಳಂತೆ ಹೊರಗೆ ತೂಗುಹಾಕದೆ ಒಳಗೆ ಮುಚ್ಚಿಡುತ್ತಿದ್ದ. ಸಂಜೆ ಚಾ ಕುಡಿಯುವಾಗ, "ಅರೇ ಭಾಯಿ, ನಾ ಏನ್ ಮಾಡ್ಲಿ? ಬಂದವರನ್ನ ವಾಪಸ್ ಕಳಿಸ್ಲಿಕ್ಕ ಆಗ್ತದೇನು?" ಎಂದು ತಾನೇ ತಪ್ಪು ಮಾಡಿದವನಂತೆ ಹೇಳುತ್ತಿದ್ದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಹೆಂಡತಿಯನ್ನು ಒಲಿಸಿಕೊಳ್ಳಬೇಕೆಂದು ನಾನು ಸುಮ್ಮನೆ ಕೂತವನಲ್ಲ. ದೀಪಾವಳಿಗೊಂದು, ಯುಗಾದಿಗೊಂದು ಕುಪ್ಪಸ ಹೊಲಿದು ಅವಳ ಪೆಟ್ಟಿಗೆಯ ಮೇಲೆ ಇಟ್ಟೆ. ಕಣ್ಣಳತೆಯಲ್ಲೇ ಹೊಲಿದೆ, ತೋಳಿಗೆ ಕಸೂತಿಯ ಪಟ್ಟಿ ಹಚ್ಚಿದೆ. ಒಂದು ಕುರಕುಂಟಾದಲ್ಲಿದ್ದ ಅವಳ ತಂಗಿಗೆ ಹೋಯಿತು. ಇನ್ನೊಂದು ಪಕ್ಕದ ಮನೆಯ ಭೀಮಬಾಯಿಯ ಮೈಮೇಲೆ ಕಂಡಿತು. ಪ್ರತಿ ಸಲ ಇನ್ನೂ ಚೆಂದ ಹೊಲಿಯಬೇಕೆಂದು ಹಟ ತೊಟ್ಟೆ. ಹೊಲಿಗೆಯ ಚೆಂದವೇ ಸಾಲುತ್ತಿಲ್ಲ ಎಂದು ನಾನು ತಿಳಿದಿದ್ದೆ.

ಮದುವೆಯ ಅನುಭವದಿಂದ ಕಲಿತೆನೇ? ಕಲಿತೆ, ತಪ್ಪು ಪಾಠ ಕಲಿತೆ. ಅಳತೆ ಎಂಬುದೇ ಮೋಸ, ಹಳೆಯದು ಯಾವತ್ತೂ ಸುಳ್ಳು ಹೇಳುತ್ತದೆ ಎಂದು ತೀರ್ಮಾನಿಸಿದೆ. ಅಂಗಡಿಯಲ್ಲಿ ಕಾಯಂ ಗಿರಾಕಿಗಳ ಅಳತೆಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಕತ್ತರಿಸಿ, ಒಬ್ಬೊಬ್ಬರದನ್ನು ಒಂದೊಂದು ದಾರದಲ್ಲಿ ಪೋಣಿಸಿ ಇಟ್ಟಿದ್ದೆವು. ಒಬ್ಬನೇ ಮನುಷ್ಯನ ತೆಳ್ಳಗಿನ ಕಾಲದ್ದು, ಹೊಟ್ಟೆ ಬಂದ ಕಾಲದ್ದು ಎಲ್ಲ ಒಂದರ ಮೇಲೊಂದು ಇರುತ್ತಿದ್ದವು. ಕಾಗದ ಹಳದಿಯಾಗಿ ಧೂಳು ಹಿಡಿದಿತ್ತು. ಅಪ್ಪ ಹೋದ ಮೇಲೆ ಒಂದು ದಿನ ಅವನ್ನೆಲ್ಲ ಒಟ್ಟು ಮಾಡಿ ಚಾ ಅಂಗಡಿಯ ಒಲೆಗೆ ಕೊಟ್ಟೆ. ರಾಜ್ಯದ ಹೆಸರು ಕರ್ನಾಟಕ ಎಂದಾದ ಸುಮಾರಿಗೆ ಅದು. ಹೆಸರೇ ಬದಲಾಯಿತು, ನಾನೂ ಬದಲಾಗಬಾರದೇ? ಬಾಗಿಲಿನ ಬರಹ ಕೆರೆಸಿ, "ಹೇಳದಿದ್ದರೆ ಹೊಸ ಫ್ಯಾಶನ್ನಿನಂತೆ" ಎಂದು ಬರೆಸಿದೆ.

ವಾಡಿಯ ಕಡೆಯಿಂದ, ಶಹಾಬಾದಿನ ಕಾರ್ಖಾನೆಗಳಿಂದ ಬರುವ ಹುಡುಗರಿಗೆ ಆಗ ಬೆಲ್ ಬಾಟಂ ಹುಚ್ಚು. ತೊಡೆಗೆ ಅಂಟಿಕೊಂಡು, ಮೊಣಕಾಲಿನಿಂದ ಕೆಳಗೆ ಘಂಟೆಯಂತೆ ಅಗಲವಾಗುವ ಪ್ಯಾಂಟು. ಅಂಥವು ಭಾಳ ಹೊಲಿದೆ. ಕೈ ಅದಕ್ಕೇ ರೂಢಿಯಾಗಿತ್ತು. ಆಗ ಕುರಕುಂಟಾದ ಚಂದ್ರಾಮಪ್ಪ ಗೌಡರಿಂದ ಬಸ್ಸಿನಲ್ಲಿ ಬಿಳಿ ಬಟ್ಟೆ ಬಂತು. ಕಂಡಕ್ಟರು "ಗೌಡ್ರಿಗಿ ಒಂದ್ ಪೈಜಾಮ" ಎಂದಷ್ಟೇ ಹೇಳಿದ. ಗೌಡರಿಗೆ ಆಗ ಅರವತ್ತು ದಾಟಿತ್ತು. ಅವರ ಅಳತೆಯ ಕಾಗದಗಳ ದಾರ ಎಂದೋ ಚಾ ಕುದಿಸಿ ಬೂದಿಯಾಗಿತ್ತು. ಮೈಯ ಸುತ್ತಳತೆ ಅಂದಾಜಿಗೆ ಗೊತ್ತಿತ್ತು, ಉಳಿದದ್ದಕ್ಕೆ ಕಾಯಿದೆ ಇತ್ತು. ಹೊಲಿದು ಕಳಿಸಿದೆ.

ಒಂದು ವಾರಕ್ಕೆ ಗೌಡರೇ ಬಂದರು. ಅದನ್ನೇ ಹಾಕಿಕೊಂಡು ಬಂದಿದ್ದರು, ನನಗೆ ತೋರಿಸಲೆಂದೇ. ಬಸ್ ಸ್ಟ್ಯಾಂಡಿನಿಂದ ನನ್ನ ಅಂಗಡಿಯವರೆಗೆ ರಸ್ತೆಯ ಕಸ ಗುಡಿಸಿಕೊಂಡು ಬಂದಂತಾಗಿತ್ತು.

"ಕುಂದ್ರಿ ಗೌಡ್ರ" ಎಂದೆ.

"ಕುಂದ್ರಲಿಕ್ಕ ಬರ್ತಿದ್ರ ನಿನ್ನ ತನಕ ಯಾಕ ಬರ್ತಿದ್ದೆ?"

ಅವರು ನಿಂತೇ ಹೇಳಿದ್ದು ಇದು. ಅವರಿಗೂ ಅವರ ದಾಯಾದಿಗಳಿಗೂ ಬಾವಿಯ ನೀರಿನ ಪಾಳಿಯ ಬಗ್ಗೆ ಹಳೆಯ ತಕರಾರು. ಊರ ಹಿರಿಯರೆಲ್ಲ ಚಾವಡಿಯಲ್ಲಿ ಜಮಖಾನೆ ಹಾಸಿ ಕೂತಿದ್ದರು. ಗೌಡರು ಹೊಸ ಪೈಜಾಮ ಹಾಕಿಕೊಂಡು ಹೋದರು. ತೊಡೆ ಬಿಗಿದು ಚಕ್ಕಳಮಕ್ಕಳ ಕೂರಲು ಆಗಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಗೋಡೆಗೆ ಕೈಯಿಟ್ಟು ನಿಂತೇ ಇದ್ದರು. "ಕುಂದ್ರಿ, ಕುಂದ್ರಿ" ಎಂದು ಎಲ್ಲರೂ ಕರೆದರು. ಇವರು ತಲೆಯಾಡಿಸಿದರು. ಗೌಡರು ಸಿಟ್ಟಾಗಿದ್ದಾರೆ, ಕೋರ್ಟಿಗೆ ಹೋಗುವ ಮನಸ್ಸು ಮಾಡಿದ್ದಾರೆ ಎಂದು ದಾಯಾದಿಗಳು ಹೆದರಿ, ಇವರು ಕೇಳಿದ್ದಕ್ಕಿಂತ ಹೆಚ್ಚು ಪಾಳಿ ಬಿಟ್ಟುಕೊಟ್ಟರು.

"ಹಂಗಾದ್ರ ಛಲೋ ಆತಲ್ರಿ ಗೌಡ್ರ" ಎಂದೆ, ಆಸೆಯಿಂದ.

"ಛಲೋ ಆತೇನು? ಈಗ ಆ ಮನಿ ಹೆಣ್ಮಕ್ಕಳು ನನ್ನ ನೋಡಿ ಬಾಗ್ಲಾ ಹಾಕೋತಾರ. ನನಗ ಆ ನೀರು ಬೇಕಾಗಿದ್ದಿಲ್ಲ, ರಾಜಿ ಬೇಕಾಗಿತ್ತು. ಮಾತಾಡಬೇಕಂತ ಹೋಗಿದ್ದೆ, ನನ್ನ ಬದಲಿ ನಿನ್ನ ಪೈಜಾಮ ಮಾತಾಡ್ತು!" ಗೌಡರ ದನಿ ಏರಿತು. "ನಾ ಏನೂ ಹೇಳಿ ಕಳಿಸ್ಲಿಲ್ಲ ಅಂದ್ರ ಮೊದಲಿನಂಗ ಹೊಲಿ ಅಂತ ಅರ್ಥೋ ಮೂರ್ಖಾ. ನನ್ನ ವಯಸ್ಸಿಗಿ ಏನ್ ಬದಲಾಗ್ತದ?"

ತೆಂಗಳಿಯಲ್ಲಿ ಏನೂ ಹೇಳದ ಹುಡುಗಿ ಬದಲಾಗಿದ್ದಳು, ಕುರಕುಂಟಾದಲ್ಲಿ ಏನೂ ಹೇಳದ ಮುದುಕ ಬದಲಾಗಿರಲಿಲ್ಲ. ಒಬ್ಬಳಿಗೆ ಹಳೆಯದರಂತೆ ಹೊಲಿದು ಕೆಟ್ಟೆ, ಒಬ್ಬರಿಗೆ ಹೊಸದರಂತೆ ಹೊಲಿದು ಕೆಟ್ಟೆ. ಇಬ್ಬರೂ ಹೇಳದೇ ಇದ್ದದ್ದನ್ನು ನನ್ನ ಹೊಲಿಗೆ ಅವರ ಪರವಾಗಿ ಹತ್ತು ಮಂದಿಯ ಮುಂದೆ ಹೇಳಿಬಿಟ್ಟಿತ್ತು. ಅವಳು ಗಂಡ ಬೇಡ ಎಂದಂತಾಯಿತು, ಇವರು ರಾಜಿ ಬೇಡ ಎಂದಂತಾಯಿತು. ನಿಜಕ್ಕೂ ಇಬ್ಬರಿಗೂ ಬೇಡವಾಗಿದ್ದದ್ದು ನಾನೊಬ್ಬನೇ. ಮತ್ತೆ ನನಗೇ ಸಿಟ್ಟು ಬಂತು. ಗಿರಾಕಿಗಳಿಗೆ ಬಾಯಿ ಇರುವುದು ಹೊಲಿದು ಮುಗಿದ ಮೇಲೆ ಬೈಯಲಿಕ್ಕೆ ಮಾತ್ರವೇ ಎಂದು ಕೂಗಬೇಕೆನಿಸಿತು. ಗೌಡರ ಪ್ರಾಯ ನೋಡಿ ಸುಮ್ಮನಾದೆ.

ಆ ಹೊತ್ತಿಗೆ ಶಿವಕಾಂತಮ್ಮ ನನಗೆ ಊಟದ ಬುತ್ತಿ ತಂದಿದ್ದಳು. ಎಲ್ಲ ಕೇಳಿಸಿಕೊಂಡು ಹೊಸ್ತಿಲಲ್ಲೇ ನಿಂತು ಹೇಳಿದಳು: "ಗೌಡ್ರ, ಬೈಬ್ಯಾಡ್ರಿ ಅಂತ ನಾ ಹೇಳಂಗಿಲ್ಲ, ಬೈರಿ. ಖರೆ ಒಂದ್ ಮಾತದ. ಹೊಲಿಗಿ ಬಿಚ್ಚಬಹುದು. ಕತ್ತರಿ ಹಾಕಿದ್ದು ತಿರುಗಿ ಬರ್ತದೇನ್ರಿ? ಗೊತ್ತಿಲ್ಲಂದ್ರ ಬಿಚ್ಚಲಿಕ್ಕ ಬರೂಹಂಗ ಮಾಡಬೇಕಪ್ಪ." ಬುತ್ತಿ ಇಟ್ಟು ಹೋದಳು. ಹೋಗುವಾಗ ತಾಜುನ್ನಿಸಾಳ ಹತ್ತಿರ ಎರಡು ಮಾತಾಡಿಯೇ ಹೋದಳು.

ಗೌಡರಿಗೆ ನನ್ನ ಸ್ವಂತ ಬಟ್ಟೆಯಲ್ಲಿ, ಅಳೆದು ಕೇಳಿ, ಮತ್ತೊಂದು ಪೈಜಾಮ ಹೊಲಿದುಕೊಟ್ಟೆ. ಅದರ ಮರುದಿನ ಬಾಗಿಲಿನ ಬರಹವನ್ನು ಪೂರ್ತಿ ಕೆರೆಸಿದೆ. ಪೇಂಟರು "ಈಗ ಏನ್ ಬರೀಲಿ?" ಎಂದ. ಏನೂ ಬರೆಸಲಿಲ್ಲ. ಅಂದಿನಿಂದ ಏನೂ ಹೇಳದೆ ಬಂದ ಬಟ್ಟೆಯನ್ನು ದೊಡ್ಡದಾಗಿಯೇ ಕತ್ತರಿಸುತ್ತಿದ್ದೆ, ಎರಡು ಬೆರಳು ಬಟ್ಟೆ ಒಳಗೆ ಬಿಡುತ್ತಿದ್ದೆ, ಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಕಳಿಸುತ್ತಿದ್ದೆ. ಹಾಕಿಕೊಂಡು ನೋಡಿ, ಸರಿಯಿದ್ದರೆ ವಾಪಸು ಕಳಿಸಲಿ, ಪಕ್ಕಾ ಹೊಲಿಗೆ ಹಾಕೋಣ. ಒಳಗೂ ಹೊರಗೂ ಒಂದೇ ಸಮ ಚೊಕ್ಕ ಎಂಬ ನನ್ನ ಹೆಮ್ಮೆ ಅಲ್ಲಿಗೆ ಮುಗಿಯಿತು. ನನ್ನ ಹೊಲಿಗೆ ಒಳಗಿನಿಂದ ಈಗ ಎಲ್ಲರ ಹೊಲಿಗೆಯಷ್ಟೇ ಕುರೂಪ. ಗಿರಾಕಿಗಳು ಹೆಚ್ಚಾದರು. ಮಶಾಕ ಒಂದು ಅಂಗಿಯನ್ನು ತಿರುವಿ ನೋಡಿ, "ಅರೇ, ಈಗ ದರ್ಜಿ ಆದ್ರಿ ಅಂಬರಾಯಣ್ಣ" ಎಂದ. ಅವನು ಹೊಗಳಿದನೋ ಗೇಲಿ ಮಾಡಿದನೋ, ಇವತ್ತಿಗೂ ಗೊತ್ತಿಲ್ಲ.

ಆದರೆ ನನ್ನ ಹೆಂಡತಿ ರಸ್ತೆ ದಾಟುವುದು ನಿಲ್ಲಲಿಲ್ಲ. ಹೊಸ ರೀತಿಯಲ್ಲಿ, ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟು, ಒಂದು ಕುಪ್ಪಸ ಹೊಲಿದು ಪೆಟ್ಟಿಗೆಯ ಮೇಲಿಟ್ಟೆ. ಅವಳು ಅದನ್ನು ತಿರುವಿ, ಒಳಗಿನ ಮಡಿಕೆಗಳನ್ನು ಬೆರಳಿನಿಂದ ಸವರಿ ನೋಡಿದಳು. "ಭೀಮಬಾಯಿಗಿ ಬರ್ತದ" ಎಂದಳು.

ವರ್ಷಗಳು ಹೋದವು. ಮಗಳು ಮಾಣಿಕಳಿಗೆ ಚಿತ್ತಾಪುರದ ಗಂಡು ಗೊತ್ತಾಯಿತು. ಬೀಗರ ಮನೆಯಿಂದ ಅಳತೆಯ ಕುಪ್ಪಸ ಬೇಕೆಂದು ಹೇಳಿಕಳಿಸಿದರು. ಶಿವಕಾಂತಮ್ಮ ಪದ್ಧತಿ, ದೃಷ್ಟಿ ಎಲ್ಲ ಪಕ್ಕಕ್ಕಿಟ್ಟು, ಮಗಳು ಹಿಂದಿನ ದಿನ ತೊಟ್ಟು ಒಗೆದ ಕುಪ್ಪಸವನ್ನೇ ಕೊಟ್ಟಳು. ಒಯ್ಯುವವನಿಗೆ "ನಿನ್ನಿಂದು, ಆದ್ರೂ ಎರಡ್ ಬೆರಳು ಬಿಡ್ರಿ" ಎಂಬ ಮಾತನ್ನು ಬಾಯಿಪಾಠ ಮಾಡಿಸಿ ಬಸ್ಸು ಹತ್ತಿಸಿದಳು. ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಅಷ್ಟು ಮಾತಿಗೆ ಒಬ್ಬ ಮದುಮಗ ಹಂದರದಲ್ಲಿ ನೆಟ್ಟಗೆ ನಿಲ್ಲುವಂತಾಯಿತು ಎಂದು ಹೊಟ್ಟೆಕಿಚ್ಚೂ ಆಯಿತು.

ಲಗ್ನಕ್ಕೆ ಇನ್ನು ಸ್ವಲ್ಪ ದಿನ ಇರುವಾಗ ಮಾಣಿಕ ಅಂಗಡಿಗೆ ಬಂದು ನನ್ನ ಮುಂದೆ ಒಂದು ಖಣ ಇಟ್ಟಳು. ಹಸಿರು, ಕೆಂಪಂಚಿನದು.

"ಯಾರದವ್ವ?"

"ಅವ್ವ ಕೊಟ್ಟಾಳ."

"ಯಾರಿಗಂತ?"

"ಆಕಿಗೇ. ಲಗ್ನದಾಗ ತೊಡಲಿಕ್ಕ."

"ಏನಂದಳು?"

"ಏನೂ ಅನ್ನಲಿಲ್ಲ."

ತಾಜುನ್ನಿಸಾ ಮಗಳ ಬಾಣಂತನಕ್ಕೆಂದು ಶಹಾಬಾದಿಗೆ ಹೋಗಿದ್ದಳು. ಹಾಗಾಗಿ ಬೇರೆ ದಾರಿ ಇಲ್ಲದೆ ನನ್ನ ಹತ್ತಿರ ಬಂದಿದೆ ಎಂದು ನನಗೆ ತಿಳಿಯದಿರಲಿಲ್ಲ. ಆದರೂ ಇಪ್ಪತ್ತು ವರ್ಷಕ್ಕೆ ನನ್ನ ಹೆಂಡತಿಯ ಖಣ ನಾನು ಬಟ್ಟೆ ಕತ್ತರಿಸುವ ಕಲ್ಲಿನ ಮೇಲೆ ಹರಡಿತ್ತು. ಜೊತೆಗೆ ಅಳತೆ ಇಲ್ಲ, ಮಾತಿಲ್ಲ. ಮಶಾಕ ಎದುರಿನಿಂದ ನೋಡಿ, ಮಿಷನ್ನು ನಿಲ್ಲಿಸಿ, ಮತ್ತೆ ಏನೂ ನೋಡದವನಂತೆ ತುಳಿಯತೊಡಗಿದ.

ಕತ್ತರಿ ತೆಗೆದುಕೊಂಡೆ, ಇಟ್ಟೆ. ದೊಡ್ಡದಾಗಿ ಕತ್ತರಿಸಿ ಕಚ್ಚಾ ಹಾಕೋಣವೇ? ಅದು ಯಾರಿಗಾದರೂ ಆಯಿತು, ಹೆಂಡತಿಗೂ ಅದೇ ಆದರೆ, ಪಾಪ, ಅವಳು ಬಸ್ಸಿನಲ್ಲಿ ಬಂದ ಗಂಟೇ? ಆಗ ನನ್ನ ಹಳೆಯ ಬುದ್ಧಿ ಎಚ್ಚರವಾಯಿತು. ಮನೆಯ ಹಿತ್ತಲಲ್ಲಿ ಮಶಾಕನ ಅಂಗಡಿಯಲ್ಲಿ ಹೊಲಿಸಿದ ಕುಪ್ಪಸಗಳು ಹಗ್ಗದ ಮೇಲೆ ಒಣಗುತ್ತಿರುತ್ತವೆ. ಒಂದನ್ನು ಎತ್ತಿ ತಂದು, ನೂಲಿಗೆ ನೂಲು ಸಮನಾಗಿ ನೋಡಿ ಹೊಲಿದರೆ ಯಾರಿಗೆ ಗೊತ್ತಾಗುತ್ತದೆ? ಅಂಗಡಿ ಮುಚ್ಚಿ, ಮಧ್ಯಾಹ್ನದ ಬಿಸಿಲಲ್ಲಿ ಕಳ್ಳನಂತೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ನೀಲಿ ಕುಪ್ಪಸವೊಂದನ್ನು ಹಗ್ಗದಿಂದ ಎಳೆದು ಬಗಲಿಗೆ ಇಟ್ಟುಕೊಳ್ಳುವಾಗ ಗೋಡೆಯಾಚೆಯಿಂದ ಭೀಮಬಾಯಿ ಹೇಳಿದಳು: "ಇನ್ನಾ ಒಣಗಿಲ್ಲ ಅಂಬರಾಯಣ್ಣ."

ಅವಳು ನಾನು ಹೊಲಿದ ಕುಪ್ಪಸ ತೊಟ್ಟುಕೊಂಡೇ ನಿಂತಿದ್ದಳು. ಅವಳಿಗೆ ಅದು ಎಷ್ಟು ಚೆಂದ ಕೂತಿತ್ತೆಂದರೆ ನನಗೆ ಅಳು ಬಂದಂತಾಯಿತು. ಇಪ್ಪತ್ತು ವರ್ಷ ಈ ಹೆಂಗಸಿಗೆ ಹಬ್ಬಹಬ್ಬಕ್ಕೆ ಬಟ್ಟೆ ಹೊಲಿದು ಹಾಕಿದವನು ನಾನು. ಅವಳಾದರೂ ಒಮ್ಮೆ ಕೇಳಿದ್ದಳು, "ಅಣ್ಣ, ಮುಂದಿನ ಸಲ ತೋಳು ಒಂದೀಟು ಉದ್ದ ಬಿಡ್ರಿ" ಎಂದು. ನನ್ನ ಹೆಂಡತಿಯ ಬಾಯಿಂದ ನನ್ನ ಹೊಲಿಗೆಯ ಬಗ್ಗೆ ಒಂದು ಅಳತೆಯ ಮಾತೂ ಬಂದಿರಲಿಲ್ಲ. ಯಾಕೆ ಬರಬೇಕು? "ನನ್ನ ಯಾರು ಕೇಳಿದ್ರು?" ಎಂದು ಬಸ್ಸಿನಲ್ಲಿ ಅವಳು ಹೇಳಿದ ಮಾತು ಅಲ್ಲಿ, ಆ ಹಗ್ಗದ ಕೆಳಗೆ, ಹಸಿ ಕುಪ್ಪಸ ಹಿಡಿದು ನಿಂತವನಿಗೆ ನೆನಪಾಯಿತು. "ಹುಡುಗಿನ್ನ ಕೇಳು" ಎಂಬ ಅಪ್ಪನ ಮಾತೂ ನೆನಪಾಯಿತು. ಏನೂ ಹೇಳದೆ ಬಂದ ಬಟ್ಟೆಗೆ ಏನು ಮಾಡಬೇಕೆಂದು ಮೂರು ಸಲ ಕಾಯಿದೆ ಮಾಡಿದವನು ನಾನು. ಒಂದೇ ಸೂರಿನ ಕೆಳಗೆ, ಒಂದೇ ಕಟ್ಟೆಯ ಮೇಲೆ ಊಟ ಮಾಡುವ ಹೆಂಗಸನ್ನು ಕೇಳುವುದು ಒಂದು ಉಳಿದಿತ್ತು.

ಕುಪ್ಪಸವನ್ನು ಮತ್ತೆ ಹಗ್ಗಕ್ಕೆ ಹಾಕಿ, ಸುಕ್ಕು ಬಿಡಿಸಿ, ಒಳಗೆ ಹೋದೆ. ಶಿವಕಾಂತಮ್ಮ ಲಗ್ನದ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದಳು. ನನ್ನ ಕೊರಳಲ್ಲಿ ಟೇಪು ಹಾಗೆಯೇ ತೂಗುತ್ತಿತ್ತು.

"ಖಣ ಬಂದದ" ಎಂದೆ.

"ಹೂಂ."

"ಹ್ಯಾಂಗ ಹೊಲೀಲಿ?"

ಅವಳು ಜರಡಿ ನಿಲ್ಲಿಸಿದಳು. ನನ್ನನ್ನೂ ಟೇಪನ್ನೂ ನೋಡಿದಳು. ನಗುತ್ತಾಳೆಂದು ಕಾದೆ, ನಗಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು.

"ಇಪ್ಪತ್ತ ವರ್ಷ ಬೇಕಾತೇನ್ರಿ, ಇಷ್ಟ ಕೇಳಲಿಕ್ಕ?"

ಅವಳು ಎದ್ದು, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು, ಬಾಗಿಲು ಮುಂದಕ್ಕೆ ಮಾಡಿ ಬಂದಳು. ತೋಳು ಎಲ್ಲಿಯವರೆಗೆ, ಕೊರಳು ಎಷ್ಟು ಇಳಿಯಬೇಕು, ಬೆನ್ನು ಎಷ್ಟು ಮುಚ್ಚಬೇಕು ಎಂದು ಒಂದೊಂದಾಗಿ ಹೇಳಿದಳು. ಇಷ್ಟು ವರ್ಷ ಎದುರಿನ ಅಂಗಡಿಯ ಪರದೆಯ ಹಿಂದೆ ಹೇಳುತ್ತಿದ್ದ ಮಾತುಗಳು ಅವು. ನಾನು ಸೀಮೆಸುಣ್ಣದಿಂದ ನೆಲದ ಹಾಸುಗಲ್ಲಿನ ಮೇಲೆಯೇ ಬರೆದುಕೊಂಡೆ. ಆಮೇಲೆ ಎದೆಯ ಸುತ್ತಳತೆ ತೆಗೆಯಬೇಕೆಂದಾಗ, ನಾನು ಹೇಳುವ ಮೊದಲೇ, ಅವಳು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ನಿಂತಳು.

ತೆಂಗಳಿಯ ಹಂದರದಲ್ಲಿ ಏಳದ ಕೈಗಳು. ನಾನು ಟೇಪು ಹಿಡಿದು, ಅಳೆಯುವುದನ್ನು ಮರೆತು, ಸುಮ್ಮನೆ ನೋಡುತ್ತ ನಿಂತುಬಿಟ್ಟೆ.

"ಕೈ ನೋಯ್ತಾವ, ಲಗೂ ಅಳೀರಿ" ಎಂದಳು. ಅಳೆದೆ. ಟೇಪು ಬಿಡುವಾಗ ಅವಳು ಇನ್ನೊಂದು ಮಾತು ಸೇರಿಸಿದಳು:

"ಎರಡ್ ಬೆರಳು ಒಳಗ ಬಿಡ್ರಿ. ನಿಮ್ಮ ಮ್ಯಾಲ ನಂಗಿನ್ನಾ ಪೂರಾ ನಂಬಿಕಿ ಬಂದಿಲ್ಲ."

ಮೂರು ಬೆರಳು ಬಿಟ್ಟೆ.